ಲ್ಯಾಗ್ ಮೀಮಾಂಸೆ ಅಥವಾ ಸೀನಿಯರ್ ಡೆವಲಪರ್ ಲಕ್ಷಣ ನಿರೂಪಣೆ

1. ಪ್ರತಿಜ್ಞೆ

ಹತ್ತಾರು ಮಂದಿ ತಂತಮ್ಮ ಮೊಬೈಲ್ ಹಿಡಿದು ಏಕಕಾಲಕ್ಕೆ ಬಡಿದಾಡುವ ಆಟಗಳುಂಟಷ್ಟೆ. ಅವನ್ನು ಕಟ್ಟುವ ಸೀನಿಯರ್ ಡೆವಲಪರ್ ಎಂಬ ಪದಾರ್ಥವನ್ನು ನಮ್ಮ ಶಾಸ್ತ್ರಕಾರರು ವಿವೇಚಿಸಿದಂತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಇಂಥವರು ಕಾಣಸಿಗುವುದರಿಂದ ಅವರ ಇರುವಿಕೆಗೆ ಪ್ರತ್ಯಕ್ಷವೇ ಪ್ರಮಾಣ. ಅವರು ಮಾಡುವ ಕೆಲಸವೇನೆಂಬುದಕ್ಕೆ ಮಾತ್ರ ಅವರ ಮನೆಯವರ ಬಳಿಯೂ ಪ್ರಮಾಣವಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನ.

2. ಅಧಿಕಾರಿ ಲಕ್ಷಣ

ಏನು ಕೇಳಿದರೂ ‘ಆಗುತ್ತೆ ಸರ್’ ಎನ್ನುವವರು ಜೂನಿಯರ್. ಏನು ಕೇಳಿದರೂ ‘ಡಿಪೆಂಡ್ಸ್’ ಎನ್ನುವವರು ಸೀನಿಯರ್. ಇದನ್ನು ನುಣುಚಿಕೊಳ್ಳುವಿಕೆ ಎಂದು ಭ್ರಮಿಸುವವರು ಜೈನರ ಸ್ಯಾದ್ವಾದವನ್ನು ಅರಿಯರು. ಬಗ್ ಇದೆ: ಟೆಸ್ಟರ್ ಫೋನಿನಲ್ಲಿ. ಇಲ್ಲ: ತನ್ನ ಫೋನಿನಲ್ಲಿ. ಇದೆ ಮತ್ತು ಇಲ್ಲ: 2 ಜಿಬಿ ರ‍್ಯಾಮಿನ ಹಳೆಯ ಫೋನಿನಲ್ಲಿ. ಅವಕ್ತವ್ಯ: ಮೇಲಿನವರು ಕಾಲ್‌ನಲ್ಲಿರುವಾಗ. ಸಪ್ತಭಂಗಿಯ ಉಳಿದ ಮೂರು ಭಂಗಿಗಳು ರಿಲೀಸಿನ ಹಿಂದಿನ ರಾತ್ರಿ ತಾವಾಗಿ ಗೋಚರಿಸುತ್ತವೆ.

3. ಪೂರ್ವಪಕ್ಷ

ಪ್ರಾಡಕ್ಟ್ ಮ್ಯಾನೇಜರ್ ಎಂಬ ಪೂರ್ವಪಕ್ಷಿಯ ವಾದ ಹೀಗಿದೆ: ‘ಮುಂದಿನ ಸ್ಪ್ರಿಂಟ್‌ನಲ್ಲಿ ಪಿಂಗ್ ಜೀರೋ ಮಾಡೋಣ.’ ಪಿಂಗ್ ಎಂದರೆ ಫೋನಿನ ಸಂದೇಶ ಸರ್ವರಿಗೆ ಹೋಗಿಬರಲು ಹಿಡಿಯುವ ಸಮಯ; ಅದನ್ನು ಸೊನ್ನೆ ಮಾಡುವುದು ಯುಕ್ತವಲ್ಲ. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರದ ಸರ್ವರಿಗೆ ನೆಟ್ಟಗೆ ಅಳೆದರೂ 3,000 ಕಿ.ಮೀ.ಗೆ ಮೇಲು. ಹೋಗಿಬರಲು ಬೆಳಕಿಗೇ 30 ಮಿಲಿಸೆಕೆಂಡ್ ಹಿಡಿಯುತ್ತದೆ. ಟವರು, ರೂಟರುಗಳ ತೆರಿಗೆ ಬೇರೆ. ಇಷ್ಟು ಖಂಡನೆ ಕೇಳಿದ ಪೂರ್ವಪಕ್ಷಿ ಬೆಳಕಿನ ವೇಗದ ಬಗ್ಗೆ ಒಂದು ಟಿಕೆಟ್ ತೆರೆದು ಅದನ್ನು ಸೀನಿಯರ್ ಹೆಸರಿಗೇ ಬರೆಯುತ್ತಾರೆ.

4. ತತ್ತ್ವ ವಿಚಾರ

ಈ ಕ್ಷೇತ್ರದಲ್ಲಿ ಮಧ್ವಮತವೇ ಗೆದ್ದಿದೆ. ಸರ್ವರ್ ಸ್ವತಂತ್ರ, ಫೋನುಗಳೆಲ್ಲ ಪರತಂತ್ರ, ನಡುವೆ ಓಡಾಡುವ ಮಾಹಿತಿಯ ಪ್ಯಾಕೆಟ್ಟುಗಳು ಜಡ. ಪಂಚಭೇದವೂ ಸಿದ್ಧ: ಸರ್ವರಿಗೂ ಆಟಗಾರನಿಗೂ, ಆಟಗಾರನಿಗೂ ಆಟಗಾರನಿಗೂ, ಸರ್ವರಿಗೂ ಪ್ಯಾಕೆಟ್ಟಿಗೂ, ಆಟಗಾರನಿಗೂ ಪ್ಯಾಕೆಟ್ಟಿಗೂ, ಪ್ಯಾಕೆಟ್ಟಿಗೂ ಪ್ಯಾಕೆಟ್ಟಿಗೂ ಭೇದವುಂಟು. ತಾರತಮ್ಯಕ್ಕೆ ಇಲ್ಲಿ ಮ್ಯಾಚ್‌ಮೇಕಿಂಗ್ ಎಂದು ಹೆಸರು. ‘ನಾನೇ ಸರ್ವರ್’ ಎಂದು ಬಗೆದು ತನ್ನ ಖಾತೆಗೆ ತಾನೇ ಕಾಯಿನ್ ಹಾಕಿಕೊಳ್ಳುವ ಫೋನಿಗೆ ಮಾಡ್ ಎಪಿಕೆ ಎನ್ನುತ್ತಾರೆ. ಅದರ ಗತಿ ಶಾಶ್ವತ ಬ್ಯಾನ್.

5. ಆಚಾರ್ಯ ಪರಂಪರೆ

1980ರಲ್ಲಿ ಜಾನ್ ಪೋಸ್ಟೆಲ್ ಯುಡಿಪಿ ಎಂಬ ಪ್ಯಾಕೆಟ್ ರವಾನೆ ಪದ್ಧತಿಯ ನಿಯಮಗಳನ್ನು ಮೂರೇ ಪುಟಗಳಲ್ಲಿ ಬರೆದರು. ಪ್ಯಾಕೆಟ್ ಕಳಿಸು, ತಲುಪಿತೇ ಎಂದು ಕೇಳಬೇಡ. ನಿಷ್ಕಾಮಕರ್ಮದ ಇಷ್ಟು ಚಿಕ್ಕ ಭಾಷ್ಯ ಇನ್ನೊಂದಿಲ್ಲ. 1996ರಲ್ಲಿ ಜಾನ್ ಕಾರ್ಮ್ಯಾಕ್ ಕ್ವೇಕ್‌ವರ್ಲ್ಡ್‌ ಎಂಬ ಆಟದಲ್ಲಿ ಹೊಸ ದಾರಿ ತೋರಿದರು: ಸರ್ವರ್ ಅಪ್ಪಣೆಗೆ ಕಾಯದೆ ಆಟಗಾರನ ಯಂತ್ರವೇ ಅವನನ್ನು ಮುಂದೆ ನಡೆಸಿಬಿಡಲಿ, ತಪ್ಪಿದ್ದರೆ ಸರ್ವರ್ ಹಿಂದಕ್ಕೆಳೆಯಲಿ. ಓಡುತ್ತಿದ್ದ ವೀರ ಇದ್ದಕ್ಕಿದ್ದಂತೆ ನಾಲ್ಕು ಹೆಜ್ಜೆ ಹಿಂದೆ ಬಂದು ನಿಲ್ಲುವ ದೃಶ್ಯದ ಮೂಲ ಇದೇ. 2001ರಲ್ಲಿ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ ಗುಂಡಿನ ನ್ಯಾಯವನ್ನು ವಿವರಿಸಿದರು: ಗುಂಡು ತಾಗಿತೇ ಎಂದು ತೀರ್ಮಾನಿಸುವ ಮುನ್ನ ಸರ್ವರ್ ಕಾಲವನ್ನು ಹಿಂದೆ ತಿರುಗಿಸಿ, ಹೊಡೆದವನು ಆಗ ಕಂಡದ್ದೇನೆಂದು ನೋಡಬೇಕು.

6. ದೃಷ್ಟಾಂತ

ಬೆಂಗಳೂರಿನ ಮೆಟ್ರೋ ಸುರಂಗದಲ್ಲಿರುವ ಒಬ್ಬ ಹುಬ್ಬಳ್ಳಿಯ ಮನೆಯಲ್ಲಿರುವ ಇನ್ನೊಬ್ಬನಿಗೆ ಗುರಿಯಿಟ್ಟ ಎನ್ನೋಣ. ಹೊಡೆದವನ ಪಿಂಗ್ 150 ಮಿಲಿಸೆಕೆಂಡ್. ಎದುರಾಳಿಗಳ ಓಟ ನುಣುಪಾಗಿ ಕಾಣಲೆಂದು ಅವನ ಫೋನು ತಡೆದು ತೋರಿಸುವುದು ಇನ್ನೊಂದು 100. ಒಟ್ಟು ಕಾಲು ಸೆಕೆಂಡ್. ಸೆಕೆಂಡಿಗೆ 6 ಮೀಟರ್ ಓಡುವ ಹುಬ್ಬಳ್ಳಿಯವನು ಅಷ್ಟರಲ್ಲಿ ಒಂದೂವರೆ ಮೀಟರ್ ಸರಿದು ಗೋಡೆಯ ಹಿಂದೆ ಸೇರಿದ್ದಾನೆ. ಸರ್ವರ್ ಕಾಲವನ್ನು ತಿರುಗಿಸಿ ನೋಡಿತು, ಗುಂಡು ತಾಗಿತ್ತು. ಹುಬ್ಬಳ್ಳಿಯವನು ಗೋಡೆ ಮರೆಯಲ್ಲೇ ಸತ್ತ, ಸತ್ತವನೇ ಪ್ಲೇಸ್ಟೋರಿಗೆ ಹೋಗಿ ಬರೆದ: ‘ಗ್ವಾಡಿ ಹಿಂದ ಇದ್ನೆಪಾ, ಹೆಂಗ ಸತ್ತೆ? ದರಿದ್ರ ಗೇಮ್.’ ಒಂದು ಸ್ಟಾರ್.

ಇವನಿಗೆ ನ್ಯಾಯ ಕೊಡಲು ಕಾಲ ತಿರುಗಿಸುವುದನ್ನು ಬಿಟ್ಟರೆ, ಕಣ್ಣೆದುರಿಗೆ ಇದ್ದವನಿಗೆ ಗುರಿಯಿಟ್ಟು ಹೊಡೆದರೂ ತಾಗಲಿಲ್ಲವೆಂದು ಮೆಟ್ರೋದವನು ಒಂದು ಸ್ಟಾರ್ ಕೊಡುತ್ತಾನೆ. ಇಬ್ಬರ ಸ್ಕ್ರೀನೂ ಸುಳ್ಳು ಹೇಳಿಲ್ಲ. ಇಬ್ಬರೂ ನೋಡಿದ ‘ಈಗ’ ಒಂದೇ ಆಗಿರಲಿಲ್ಲ, ಅಷ್ಟೆ.

7. ಸಿದ್ಧಾಂತ

ಆದುದರಿಂದ ನಿರ್ಣಯವಿದು: ಲ್ಯಾಗನ್ನು, ಎಂದರೆ ಈ ತಡವನ್ನು, ಯಾರೂ ಹೋಗಲಾಡಿಸಲಾರರು, ಅದು ಯಾರ ಪಾಲಿಗೆ ಎಷ್ಟೆಂದು ಹಂಚುವವರೇ ಸೀನಿಯರ್ ಡೆವಲಪರ್. ತಿರುಗಿಸುವ ಕಾಲಕ್ಕೆ ಮಿತಿ 200 ಮಿಲಿಸೆಕೆಂಡೋ ಮುನ್ನೂರೋ ಎಂದು ಕೋಡಿನಲ್ಲಿ ಒಂದು ಅಂಕಿ ಬರೆಯುವುದೇ ಅವರ ಧರ್ಮಸಂಕಟ. ಯಾವ ಅಂಕಿ ಬರೆದರೂ ಬೈಗುಳ ತಪ್ಪದು. ಸಂಬಳದ ಬಹುಭಾಗ ಸಂದಾಯವಾಗುವುದು ಅದಕ್ಕೇ.

8. ಫಲಶ್ರುತಿ

ಈ ಮೀಮಾಂಸೆಯನ್ನು ನಿತ್ಯ ಪಠಿಸಿದವರ ರ‍್ಯಾಂಕ್ ಏರುತ್ತದೆಂದು ನಾವು ಹೇಳಲಾರೆವು. ಆದರೆ ಓದುಗರೇ, ಸೋತ ಸಿಟ್ಟಿನಲ್ಲಿ ಒಂದು ಸ್ಟಾರ್ ಒತ್ತುವ ಮುನ್ನ ರೂಟರ್ ಇರುವ ಕೋಣೆಗೆ ಹೋಗಿ ಕುಳಿತು ಇನ್ನೊಂದು ಮ್ಯಾಚ್ ಆಡಿ. ಆಗಲೂ ಸೋತರೆ ಅದು ಲ್ಯಾಗ್ ಅಲ್ಲ, ನಿಮ್ಮ ಆಟ.