ಅಜ್ಜಿಗೊಂದು ಶಾಲು

ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನ ಅಳಿಯಂದಿರೇ, ಹಿಂದೆ ಮಗು ಎತ್ತಿಕೊಂಡು ನಿಂತಿರುವ ತಾಯಂದಿರೇ,

ಇಂಥ ಸಭೆಗಳಲ್ಲಿ ‘ಇವರು ವ್ಯಕ್ತಿಯಲ್ಲ, ಶಕ್ತಿ’ ಎನ್ನುವುದು ವಾಡಿಕೆ. ನಾನು ಕೊಂಚ ತಿದ್ದುತ್ತೇನೆ. ಮೊಮ್ಮಕ್ಕಳನ್ನು ಆಡಿಸಿ ಬೆಳೆಸುವ ಈ ಅಜ್ಜಿ ವ್ಯಕ್ತಿಯಲ್ಲ, ಇಲಾಖೆ. ಸಚಿವರಿಲ್ಲ, ಅನುದಾನವಿಲ್ಲ, ವರ್ಗಾವಣೆ ಮಾತ್ರ ಧಾರಾಳ.

2017ರಲ್ಲಿ ನಮ್ಮ ಸಂಸತ್ತು ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ನಾವು ಮಾಲೀಕರು ಎದ್ದುನಿಂತು ಚಪ್ಪಾಳೆ ತಟ್ಟಿದೆವು. ಕೂತ ಮೇಲೆ ತಿಳಿಯಿತು, ಇಎಸ್‌ಐ ವಿಮೆಗೆ ಸೇರದವರ ಸಂಬಳವೆಲ್ಲ ನಮ್ಮ ತಲೆಗೇ ಎಂದು. ಅಂದಿನಿಂದ ಸಂದರ್ಶನಕ್ಕೆ ಬರುವ ಹೆಣ್ಣುಮಕ್ಕಳನ್ನು ‘ಮದುವೆ ಆಯ್ತಾ ತಾಯಿ?’ ಎಂದು ಅಕ್ಕರೆಯಿಂದ ವಿಚಾರಿಸಿಕೊಳ್ಳುತ್ತಿದ್ದೇವೆ. 50 ಜನ ದುಡಿಯುವ ಕಡೆ ಮಕ್ಕಳ ಕೋಣೆ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದೂ ಕಾನೂನಿದೆ. ನಮ್ಮಲ್ಲೂ ಕೋಣೆ ಇದೆ; ಹಳೆಯ ಪ್ರಿಂಟರುಗಳು ಅಲ್ಲಿ ಸುಖವಾಗಿ ಮಲಗಿವೆ. ಇನ್ನು ಅಪ್ಪ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿಯವನಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ತೊಟ್ಟಿಲು ಶಾಸ್ತ್ರದ ದಿನ ಅವನದು ವರ್ಕ್ ಫ್ರಮ್ ಹೋಮ್.

ಅಮೆರಿಕ ಇನ್ನೂ ಕೈಬಿಗಿ. ಕೆಲವು ರಾಜ್ಯಗಳು ತಾವಾಗಿ ಕೊಡುವುದನ್ನು ಬಿಟ್ಟರೆ, ಅಲ್ಲಿನ 1993ರ ಕಾಯ್ದೆಯದು 12 ವಾರ ರಜೆ, ಸಂಬಳ ಸೊನ್ನೆ. ಉಳಿದದ್ದನ್ನು ತುಂಬಿಕೊಡುವವರು ಮೈಸೂರು, ಶಿವಮೊಗ್ಗದ ಅಜ್ಜಿಯರು. ವಿಸಿಟರ್ ವೀಸಾದಲ್ಲಿ ಆರು ತಿಂಗಳು ಹೆಣ್ಣಿನ ತಾಯಿ. ಅವರು ವಾಪಸ್ ವಿಮಾನ ಹತ್ತುವಷ್ಟರಲ್ಲಿ ಗಂಡಿನ ತಾಯಿ. ಸೂಟ್‌ಕೇಸಿನಲ್ಲಿ ಬಜೆ, ಜಾಯಿಕಾಯಿ, ಬಾಣಂತಿ ಲೇಹ್ಯ. ಬಂದ ಕಾರಣ ಕೇಳಿದರೆ ‘ಸೈಟ್ ಸೀಯಿಂಗ್’. ಆರು ತಿಂಗಳಲ್ಲಿ ನೋಡಿದ ಸೈಟುಗಳೆಂದರೆ ಡಿಶ್‌ವಾಶರ್, ಡ್ರೈಯರ್, ಒಂದು ಭಾನುವಾರ ನಯಾಗರ.

ಸ್ವೀಡನ್ನಿನವರು ಮಾತ್ರ ಶುದ್ಧ ದುಂದುಗಾರರು. 1974ರಲ್ಲೇ ತಾಯಿಯ ರಜೆಯನ್ನು ಹೆತ್ತವರಿಬ್ಬರ ರಜೆಯಾಗಿ ಬದಲಿಸಿದರು. ಈಗ ಮಗುವೊಂದಕ್ಕೆ 480 ದಿನ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು. ಅವನು ತೆಗೆದುಕೊಳ್ಳಲಿಲ್ಲವೋ, ಹೆಂಡತಿಗೆ ದಾಟಿಸುವಂತಿಲ್ಲ. ಹಣ ಬರುವುದು ಸಾಮಾಜಿಕ ವಿಮೆಯಿಂದ. ಬಸುರಿಯೊಬ್ಬಳ ಸಂಬಳ ಒಬ್ಬ ಮಾಲೀಕನ ಕೊರಳಿಗೆ ಬೀಳುವುದಿಲ್ಲ. ಪಾಪ, ಅಲ್ಲಿನ ಮಾಲೀಕರಿಗೆ ನಮ್ಮಂಥ ಅಕ್ಕರೆ ಎಲ್ಲಿಂದ ಬರಬೇಕು!

ಇದೂ ಸಾಲದೆಂದು 2024ರ ಜುಲೈನಲ್ಲಿ ಇನ್ನೊಂದು ಅನಾಹುತ ಮಾಡಿದ್ದಾರೆ. ಅಪ್ಪ, ಅಮ್ಮ ತಲಾ 45 ದಿನಗಳವರೆಗೆ ರಜೆಯನ್ನು ಅಜ್ಜ ಅಜ್ಜಿಗೂ ಬಿಟ್ಟುಕೊಡಬಹುದಂತೆ. ಅಂದರೆ ಮೊಮ್ಮಗುವನ್ನು ಆಡಿಸಿದ ಅಜ್ಜಿಗೆ ಸರ್ಕಾರದ ದುಡ್ಡು! ಮಹನೀಯರೇ, ಮಮತೆಗೆ ಬೆಲೆ ಕಟ್ಟುವುದೇ? ಬೆಲೆ ಕಟ್ಟಲಾಗದ್ದಕ್ಕೆ ನಾವು ಬಿಡಿಗಾಸೂ ಕೊಡುವುದಿಲ್ಲ; ಅದು ನಮ್ಮ ಸಂಸ್ಕೃತಿ.

ನಮ್ಮ ರಾಜ್ಯವೂ ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರಿಗೆಂದು ‘ಕೂಸಿನ ಮನೆ’ಗಳನ್ನು ತೆರೆಯಿತು. ಒಳ್ಳೆಯದೇ. ಆದರೆ ಅದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಹಬ್ಬಿದರೆ ಅಜ್ಜಿಯರು ಮಂಡಿನೋವಿಗೆ ಔಷಧಿ ತಗೊಂಡು ಕಾಶಿಯಾತ್ರೆಗೆ ಹೊರಟುಬಿಡುವ ಅಪಾಯವಿದೆ. ಸರ್ಕಾರ ಯೋಚಿಸಿ ಹೆಜ್ಜೆಯಿಡಲಿ.

ಈಗ ಶಾಲು, ಹಾರ, ಫಲತಾಂಬೂಲ. ಫೋಟೋಗೆ ಅಳಿಯಂದಿರು ಮುಂದೆ ಬನ್ನಿ. ಅಜ್ಜಿ ಎರಡು ಮಾತಾಡುತ್ತಾರಂತೆ. ಆ ಸ್ವೀಡನ್ನಿನಲ್ಲಿ ದಿನಕ್ಕೆಷ್ಟು ಕೊಡುತ್ತಾರೆಂದು ಆಗಲೇ ನನ್ನ ಕಿವಿಯಲ್ಲಿ ಕೇಳಿದರು. ಸಮಯದ ಅಭಾವವಿರುವುದರಿಂದ ನೇರವಾಗಿ ವಂದನಾರ್ಪಣೆ.