ಟ್ರ್ಯಾಕ್ಟರ್ ಹುಕ್ ಉದ್ದ ಮಾಡುವ ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ

ಕಬ್ಬಿನ ಸೀಮೆಯ ವೆಲ್ಡಿಂಗ್ ಮೇಸ್ತ್ರಿಗಳೇ,

ಕಾರ್ಖಾನೆಗಳು ಕಬ್ಬು ನುರಿಯಲು ಶುರುಮಾಡುವ ಮುಂಚೆ ನಿಮ್ಮ ಅಂಗಡಿಗಳ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಮದ್ದೂರು, ಪಾಂಡವಪುರದ ಕಡೆಯಾಗಲಿ, ಮುಧೋಳ, ಜಮಖಂಡಿ, ಅಥಣಿಯ ಕಡೆಯಾಗಲಿ, ಟ್ರೈಲರ್‌ಗಳ ರಿಪೇರಿಗೆ ರೈತರು ಮೊದಲು ಬರುವುದು ನಿಮ್ಮ ಬಳಿಗೇ. ಅವರಲ್ಲಿ ಕೆಲವರು ಕೇಳುವ ಒಂದು ಕೆಲಸದ ಬಗ್ಗೆ ಕಬ್ಬು ಬೆಳೆಗಾರನಾಗಿ ನಿಮ್ಮೊಡನೆ ಮಾತಾಡಬೇಕಿದೆ. ‘ಹುಕ್ ಸ್ವಲ್ಪ ಹಿಂದಕ್ಕೆ ಉದ್ದ ಮಾಡಿಕೊಡಿ’ ಎನ್ನುತ್ತಾರಲ್ಲ, ಟ್ರೈಲರ್ ಕಟ್ಟುವ ಟ್ರ್ಯಾಕ್ಟರಿನ ಹುಕ್ಕನ್ನು ಬೆಳೆಸುವ ಆ ಕೆಲಸ. ದಯವಿಟ್ಟು ಅದನ್ನು ಮಾಡಿಕೊಡಬೇಡಿ.

ಹಾಗೆ ಕೇಳುವವರಿಗೂ ಕಾರಣವಿದೆ. ಗದ್ದೆಯ ಬದುವಿನಲ್ಲಿ ಇಕ್ಕಟ್ಟಾಗಿ ತಿರುಗಿಸುವಾಗ ಟ್ರೈಲರಿನ ಮೂಲೆ ಟ್ರ್ಯಾಕ್ಟರಿನ ದೊಡ್ಡ ಟೈರಿಗೆ ತಾಗುತ್ತದೆ. ರಿವರ್ಸ್ ತೆಗೆಯುವಾಗ ಟ್ರೈಲರ್ ಬೇಗ ಮಾತು ಕೇಳುವುದಿಲ್ಲ. ಒಂದು ಅಡಿ ಉದ್ದದ ಚಾನೆಲ್ ತುಂಡು ಬೆಸೆದು ಹುಕ್ಕನ್ನು ಹಿಂದೆ ತಂದರೆ ಎರಡೂ ತೊಂದರೆ ತೀರುತ್ತವೆ ಎಂಬುದು ಅವರ ಅನುಭವ. ಅದು ಸುಳ್ಳೂ ಅಲ್ಲ. ಆದರೆ ಆ ಒಂದು ಅಡಿಗೆ ಅವರು ತೆರುವ ಬೆಲೆ ಏನೆಂದು ಲೆಕ್ಕ ಹಾಕೋಣ.

ಎರಡು ಟನ್ ತೂಗುವ ಒಂದು ಟ್ರ್ಯಾಕ್ಟರ್ ಎಂದಿಟ್ಟುಕೊಳ್ಳಿ. ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ನಡುವೆ ಎರಡು ಮೀಟರ್ ಅಂತರ. ಮುಂದಿನ ಗಾಲಿಗಳ ಮೇಲೆ ಬಿದ್ದಿರುವ ತೂಕ 750 ಕಿಲೋ. ಹಿಂದಿನ ಆ್ಯಕ್ಸಲ್‌ನಿಂದ ಹುಕ್ ಇರುವುದು 60 ಸೆಂಟಿಮೀಟರ್ ಹಿಂದೆ. ಎರಡು ಗಾಲಿಯ ಟ್ರೈಲರ್ ಕಬ್ಬು ತುಂಬಿಕೊಂಡು ಆ ಹುಕ್ಕನ್ನು 800 ಕಿಲೋ ಭಾರದಿಂದ ಕೆಳಕ್ಕೆ ಒತ್ತುತ್ತಿದೆ. ಆಗ ಹಿಂದಿನ ಆ್ಯಕ್ಸಲ್ಲೇ ಆನಿಕೆಯಾಗಿ ಮುಂಭಾಗ ಮೇಲೇಳಲು ನೋಡುತ್ತದೆ. ಹುಕ್ಕಿನ ಭಾರವನ್ನು 60ರಿಂದ ಗುಣಿಸಿ 200ರಿಂದ ಭಾಗಿಸಿದರೆ ಮುಂದಿನ ಗಾಲಿಗಳು ಕಳೆದುಕೊಳ್ಳುವ ತೂಕ ಸಿಗುತ್ತದೆ: 240 ಕಿಲೋ. ಹುಕ್ಕನ್ನು 30 ಸೆಂಟಿಮೀಟರ್ ಹಿಂದೆ ತಂದರೆ, ಅದೇ ಕಬ್ಬಿಗೆ, ಅದೇ ಟ್ರೈಲರಿಗೆ ಆ ನಷ್ಟ 360 ಕಿಲೋ ಆಗುತ್ತದೆ.

ಇದು ನಿಂತ ಗಾಡಿಯ ಲೆಕ್ಕ. ಹಸಿ ಗದ್ದೆಯಿಂದ ಒಂದು ಟನ್ ಬಲದಲ್ಲಿ ಎಳೆಯಬೇಕಾಗಿ ಬಂತು ಎನ್ನಿ. ಹುಕ್ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಎಳೆತವೊಂದೇ ಮುಂಭಾಗದಿಂದ ಇನ್ನೂ 250 ಕಿಲೋ ಕಳೆಯುತ್ತದೆ. ಉದ್ದ ಮಾಡುವಾಗ ಟ್ರೈಲರಿಗೆ ಸರಿಹೊಂದಲೆಂದು ಹುಕ್ಕನ್ನು 75 ಸೆಂಟಿಮೀಟರಿಗೆ ಏರಿಸಿಯೂ ಇದ್ದರೆ 375 ಕಿಲೋ. ಹುಕ್ಕಿನ ಭಾರದ ನಷ್ಟ, ಎಳೆತದ ನಷ್ಟ ಎರಡನ್ನೂ ಕೂಡಿಸಿ ನೋಡಿ. ಮೊದಲಿನ ಹುಕ್ಕಿನಲ್ಲಿ ಮುಂದಿನ ಗಾಲಿಗಳ ಮೇಲೆ 260 ಕಿಲೋ ಉಳಿದಿತ್ತು. ಉದ್ದ ಮಾಡಿ ಎತ್ತರಿಸಿದ ಹುಕ್ಕಿನಲ್ಲಿ ಉಳಿಯುವುದು ಬರೀ 15 ಕಿಲೋ. ಅಷ್ಟರಲ್ಲಿ ಸ್ಟೀರಿಂಗ್ ತಿರುಗಿಸಿದರೆ ಗಾಲಿ ತಿರುಗುತ್ತದೆಯೇ ಹೊರತು ಟ್ರ್ಯಾಕ್ಟರ್ ತಿರುಗುವುದಿಲ್ಲ. ಕಾಲುವೆಯ ಏರಿ ಹತ್ತುವಾಗ ಚಾಲಕ ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಮುಂಭಾಗ ಎದ್ದುನಿಂತು ಟ್ರ್ಯಾಕ್ಟರ್ ಅವನ ಮೇಲೆಯೇ ಮಗುಚಬಹುದು. ಮತ್ತೆ ಕ್ಲಚ್ ತುಳಿಯುವಷ್ಟು ಹೊತ್ತು ಅವನಿಗೆ ಸಿಗುವುದಿಲ್ಲ.

ರಸ್ತೆಗೆ ಬಂದ ಮೇಲೂ ಆ ತುಂಡು ಸುಮ್ಮನಿರುವುದಿಲ್ಲ. ಹಿಂದಿನ ಆ್ಯಕ್ಸಲ್‌ನಿಂದ ಹುಕ್ ದೂರವಾದಷ್ಟೂ ಟ್ರೈಲರಿನ ತೂಗಾಟಕ್ಕೆ ಟ್ರ್ಯಾಕ್ಟರನ್ನು ತಿರುವುವ ಶಕ್ತಿ ಹೆಚ್ಚುತ್ತದೆ. 60 ಹೋಗಿ 90 ಸೆಂಟಿಮೀಟರ್ ಆದರೆ ಆ ಶಕ್ತಿ ಒಂದೂವರೆ ಪಟ್ಟು. ಇಳಿಜಾರಿನಲ್ಲಿ ಚಾಲಕ ಬ್ರೇಕ್ ಹಾಕುತ್ತಾನೆ. ಬ್ರೇಕ್ ಇಲ್ಲದ ಟ್ರೈಲರ್ ಹಿಂದಿನಿಂದ ನೂಕುತ್ತಲೇ ಇರುತ್ತದೆ. ಸ್ವಲ್ಪ ಓರೆಯಾಗಿ ನೂಕಿದರೂ ಟ್ರ್ಯಾಕ್ಟರಿನ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ, ಹಗುರಾದ ಮುಂದಿನ ಗಾಲಿಗಳಿಗೆ ಅದನ್ನು ತಡೆಯುವ ಹಿಡಿತವಿರುವುದಿಲ್ಲ. ಎದುರಿನಿಂದ ಬರುವ ಬೈಕಿನವರಿಗೆ ಇದೆಲ್ಲ ಕಾಣುವುದೂ ಇಲ್ಲ.

ಇನ್ನು ರಿವರ್ಸ್. ಟ್ರ್ಯಾಕ್ಟರ್ ಒಂದು ಕಡೆ ತಿರುಗಿದರೆ ಆ್ಯಕ್ಸಲ್ ಹಿಂದಿರುವ ಹುಕ್ ಇನ್ನೊಂದು ಕಡೆಗೆ ಸರಿಯುತ್ತದೆ. ಟ್ರೈಲರ್ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕಾಗಿರುವುದು ಇದರಿಂದಲೇ. ಟ್ರ್ಯಾಕ್ಟರ್ ಹತ್ತು ಡಿಗ್ರಿ ತಿರುಗಿದಾಗ 60 ಸೆಂಟಿಮೀಟರ್ ದೂರದ ಹುಕ್ ಸುಮಾರು 10 ಸೆಂಟಿಮೀಟರ್ ಅಡ್ಡಕ್ಕೆ ಸರಿದರೆ, 90 ಸೆಂಟಿಮೀಟರ್ ದೂರದ್ದು ಸುಮಾರು 16 ಸೆಂಟಿಮೀಟರ್ ಸರಿಯುತ್ತದೆ. ಟ್ರೈಲರ್ ಬೇಗ ಮಾತು ಕೇಳಿದಂತೆ ಅನಿಸುವುದು ಇದಕ್ಕೇ. ಆದರೆ ಚಾಲಕನ ಸಣ್ಣ ತಪ್ಪಿಗೂ ಅದು ಅಷ್ಟೇ ಬೇಗ ಓಗೊಡುತ್ತದೆ. ಗದ್ದೆಯಲ್ಲಿ ಟ್ರೈಲರ್ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವ ಹುಡುಗನ ಕಡೆಗೆ ಅದರ ಮೂಲೆ ಅಷ್ಟೇ ಬೇಗ ಬರುತ್ತದೆ.

ಹಾಗಾದರೆ ಟೈರಿಗೆ ತಾಗುವ ಟ್ರೈಲರಿಗೆ ಏನು ಮಾಡಬೇಕು? ಅದೇ 30 ಸೆಂಟಿಮೀಟರನ್ನು ಟ್ರ್ಯಾಕ್ಟರಿಗೆ ಕೊಡದೆ ಟ್ರೈಲರಿನ ಮೂಕಿಗೆ, ಅಂದರೆ ಅದನ್ನು ಹುಕ್ಕಿಗೆ ಸೇರಿಸುವ ಮುಂದಿನ ದಂಡಿಗೆ, ಕೊಡಿ. ಹುಕ್ಕಿನಿಂದ ಟ್ರೈಲರ್ ಆ್ಯಕ್ಸಲ್‌ವರೆಗಿನ ಮೂರು ಮೀಟರ್ ದೂರ 3.3 ಮೀಟರ್ ಆದರೆ, ಹುಕ್ಕಿನ ಮೇಲೆ ಬೀಳುವ 800 ಕಿಲೋ ಸುಮಾರು 730ಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರಿನ ಹುಕ್ ಮೊದಲಿನ ಜಾಗದಲ್ಲೇ ಇರುವುದರಿಂದ ಮುಂದಿನ ಗಾಲಿಗಳು ಕಳೆದುಕೊಳ್ಳುವುದು 220 ಕಿಲೋ ಮಾತ್ರ. ಅಷ್ಟೇ ಉದ್ದದ ಕಬ್ಬಿಣ ಒಂದು ಕಡೆ ಸೇರಿಸಿದರೆ 360 ಕಿಲೋ ನಷ್ಟ, ಇನ್ನೊಂದು ಕಡೆ ಸೇರಿಸಿದರೆ 220. ಮೂಕಿ ಉದ್ದವಾದ ಟ್ರೈಲರ್ ರಿವರ್ಸ್‌ನಲ್ಲಿ ನಿಧಾನವಾಗಿ ತಿರುಗುತ್ತದೆ. ತಪ್ಪು ಕಣ್ಣಿಗೆ ಬೀಳಲು, ತಿದ್ದಿಕೊಳ್ಳಲು ಚಾಲಕನಿಗೆ ಹೊತ್ತು ಸಿಗುತ್ತದೆ.

ಇದಕ್ಕೂ ಒಂದು ಬೆಲೆಯಿದೆ. ತಿರುವಿನಲ್ಲಿ ಟ್ರೈಲರ್ ಒಳಕ್ಕೆ ಕತ್ತರಿಸುವುದು ಹೆಚ್ಚಾಗುತ್ತದೆ. ಟ್ರ್ಯಾಕ್ಟರ್ ಐದು ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಉದ್ದ ಮೂಕಿಯ ಟ್ರೈಲರ್ ಮೊದಲಿಗಿಂತ ಸುಮಾರು ಒಂದು ಗೇಣು ಹೆಚ್ಚು ಒಳಗೆ ಬರುತ್ತದೆ. ಸೇತುವೆಯ ಗೋಡೆ, ಗೇಟಿನ ಕಂಬ ಇರುವಲ್ಲಿ ಚಾಲಕ ಅಷ್ಟು ಅಗಲವಾಗಿ ತಿರುವು ತೆಗೆದುಕೊಳ್ಳಬೇಕು. ಕಲಿಯಬಹುದಾದ ಅಭ್ಯಾಸ ಅದು.

ಆದರೆ ಮೂಕಿಗೂ ತುಂಡು ಬೆಸೆಯುವುದು ಬೇಡ. ಬೆಸುಗೆಯ ಪಕ್ಕದಲ್ಲಿ ಕಾದು ಆರಿದ ಉಕ್ಕು ಪ್ರತಿ ಗುಂಡಿಯ ಕುಲುಕಿಗೂ ಬಾಗಿ ನೆಟ್ಟಗಾಗುತ್ತ ಕೊನೆಗೆ ಬಿರಿಯುತ್ತದೆ. ಬಣ್ಣದ ಕೆಳಗಿನ ಬಿರುಕು ಕಳಚುವ ದಿನದವರೆಗೂ ಕಾಣುವುದಿಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹೊಸ ಟ್ರೈಲರ್ ಕಟ್ಟಿಸುವವರಿಗೆ ಮೊದಲೇ ಹೇಳಿ ಇಡೀ ಮೂಕಿಯನ್ನು ಒಂದೇ ಉದ್ದದ ಕಬ್ಬಿಣದಲ್ಲಿ ಕಟ್ಟಿಕೊಡಿ. ಹಳೆಯದನ್ನು ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಕೇಳಲು ಹೇಳಿ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ.

ಕಬ್ಬನ್ನು ಸರಿಯಾಗಿ ತುಂಬಿದರೂ ಹುಕ್ಕಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಎತ್ತಿನ ಗಾಡಿ ಹೂಡಿದ ಹಿರಿಯರನ್ನು ಕೇಳಿ. ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ, ಹಿಂದಾದರೆ ಅದೇ ನೊಗ ಎತ್ತಿನ ಕುತ್ತಿಗೆಯನ್ನು ಮೇಲಕ್ಕೆತ್ತುತ್ತದೆ. ಎರಡು ಗಾಲಿಯ ಟ್ರೈಲರಿಗೂ ಇದೇ ನಿಯಮ. ಹೇರಿನ ಭಾರ ಆ್ಯಕ್ಸಲ್‌ಗಿಂತ ತುಸು ಮುಂದಿರಬೇಕು, ಹೆಚ್ಚು ಮುಂದಿರಬಾರದು, ಹಿಂದಂತೂ ಇರಲೇಬಾರದು. ಮುಂಭಾಗದ ಭಾರವನ್ನು ತನ್ನದೇ ಮುಂದಿನ ಗಾಲಿಗಳ ಮೇಲೆ ಹೊರುವ ನಾಲ್ಕು ಗಾಲಿಯ ಟರ್ನ್‌ಟೇಬಲ್ ಟ್ರೈಲರಿನಲ್ಲಿ ಹುಕ್ಕಿನ ಮೇಲೆ ಇಷ್ಟು ಒತ್ತಡ ಬೀಳುವುದಿಲ್ಲ. ಆದರೆ ಅದು ಎರಡು ಜಾಗಗಳಲ್ಲಿ ಮಡಚಿಕೊಳ್ಳುವುದರಿಂದ ರಿವರ್ಸ್ ತೆಗೆಯುವುದು ಇನ್ನೂ ಕಷ್ಟ.

ಒಂದರ ಹಿಂದೆ ಒಂದು ಎರಡು ಟ್ರೈಲರ್ ಕಟ್ಟುವವರ ಬಗ್ಗೆಯೂ ಒಂದು ಮಾತು. ಎರಡನೆಯದನ್ನು ಕಟ್ಟುವ ಹುಕ್ ಮೊದಲನೆಯದರ ಆ್ಯಕ್ಸಲ್‌ನಿಂದ ಬಹಳ ಹಿಂದಿರುತ್ತದೆ. ಎರಡನೆಯದು ಅಲ್ಲಿ ಒತ್ತಿದಷ್ಟೂ ಮೊದಲನೆಯದರ ಮೂಕಿ ಮೇಲೇಳುತ್ತ ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಅಲ್ಲಿಯೂ ಹುಕ್ ಉದ್ದ ಮಾಡಿಕೊಡುವುದು ಬೆಂಕಿಗೆ ತುಪ್ಪ ಸುರಿದಂತೆ. ಎರಡನ್ನೂ ಒಟ್ಟಿಗೆ ರಿವರ್ಸ್ ತೆಗೆಯಲು ಯಾರನ್ನೂ ಒತ್ತಾಯಿಸಬಾರದು. ಬಿಚ್ಚಿ ಒಂದೊಂದಾಗಿ ಹಿಂದಕ್ಕೆ ಹಾಕಬೇಕು. ಕಾರ್ಖಾನೆಗಳ ಆಡಳಿತದವರು ಈ ಪತ್ರ ಓದಿದರೆ ಅವರಲ್ಲಿ ನನ್ನದೊಂದು ಕೋರಿಕೆ: ಒಂದು ಗೇಟಿನಿಂದ ಬಂದ ಟ್ರ್ಯಾಕ್ಟರ್ ಇನ್ನೊಂದು ಗೇಟಿನಿಂದ ಮುಂದಕ್ಕೇ ಹೊರಹೋಗುವಂತೆ ಯಾರ್ಡ್ ವ್ಯವಸ್ಥೆ ಮಾಡಿ.

ಮೇಸ್ತ್ರಿಗಳೇ, ನೀವು ಒಲ್ಲೆ ಎಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ನನಗೆ ತಿಳಿದಿದೆ. ಆದ್ದರಿಂದ ಪಕ್ಕದ ಅಂಗಡಿಯವರೂ ನಿಮ್ಮೊಡನೆ ಸೇರಲಿ ಎಂದು ಇದನ್ನು ಎಲ್ಲರಿಗೂ ಬರೆದಿದ್ದೇನೆ. ಹುಕ್ ಕೇಳಿ ಬಂದ ರೈತನಿಗೆ ಈ ಲೆಕ್ಕವನ್ನು ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿ. ಹುಕ್ಕನ್ನು ಕಂಪನಿ ಕೊಟ್ಟ ಜಾಗದಲ್ಲೇ, ತಗ್ಗಾಗಿಯೇ ಇರಿಸಿಕೊಳ್ಳಲು ಹೇಳಿ. ಸವೆದ ಪಿನ್ ಬದಲಿಸಿ, ಪಿನ್ನಿಗೆ ಲಾಕ್ ಹಾಕಿ, ಸರಪಳಿ ಕಟ್ಟಿಕೊಡಿ. ಟ್ರ್ಯಾಕ್ಟರಿನ ಮುಂಭಾಗಕ್ಕೆ ಕಂಪನಿಯ ತೂಕದ ಗುಂಡುಗಳನ್ನು ಹಾಕಿಸಲು ನೆನಪಿಸಿ. ಇಷ್ಟು ಮಾಡಿದರೆ ಈ ಹಂಗಾಮಿನಲ್ಲಿ ಕೆಲವು ಚಾಲಕರ ಜೀವ ಉಳಿಸಿದ ಪುಣ್ಯ ನಿಮ್ಮದಾಗುತ್ತದೆ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ಕಬ್ಬು ಬೆಳೆಗಾರ