ವಾಯುಪೂರಣ ಮೀಮಾಂಸೆ

ವಾಯುಪುರಾಣ ಎಲ್ಲರೂ ಹೆಸರು ಕೇಳಿದ ಗ್ರಂಥ. ಅದರ ದೀರ್ಘವನ್ನು ಒಂದಕ್ಷರ ಹಿಂದಕ್ಕೆ ರಿವರ್ಸ್ ತೆಗೆದರೆ ವಾಯುಪೂರಣವಾಗುತ್ತದೆ. ಅದೇ ಇಲ್ಲಿಯ ವಿಷಯ.

ಶಾಸ್ತ್ರ ಬರೆಯುವವನು ಮೊದಲೇ ನಾಲ್ಕು ಮಾತು ಹೇಳಿ ಮುಗಿಸಬೇಕೆಂಬ ಕಟ್ಟಳೆಯಿದೆ. ವಿಷಯ: ಕಬ್ಬು ಹೊತ್ತ ಟ್ರೇಲರಿನ ಟೈರಿಗೆ ನಿಂತಲ್ಲೇ ಗಾಳಿ ತುಂಬಬಲ್ಲ, ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಲ್ಲ ಕಂಪ್ರೆಸರನ್ನು ಆರಿಸುವುದು. ಪ್ರಯೋಜನ: ಕಡಿದ ಕಬ್ಬು ದಾರಿಯಲ್ಲೇ ಒಣಗಿ ತೂಕ ಬಿಡುವ ಮುನ್ನ ಕಾರ್ಖಾನೆಯ ವೇಬ್ರಿಡ್ಜ್ ಹತ್ತಿಸುವುದು. ಸಂಬಂಧ: ಟ್ರೇಲರು ನಮ್ಮ ಭಾವನದು. ಇನ್ನು ಅಧಿಕಾರಿ, ಎಂದರೆ ಈ ಗ್ರಂಥ ಓದಲು ಯೋಗ್ಯನಾದವನು: ರಾತ್ರಿ ಹತ್ತು ಗಂಟೆಗೆ ವಿ.ಸಿ. ನಾಲೆಯ ಏರಿಯ ಮೇಲೆ ಮಂಡಿಯೂರಿ, 'ಟುಸ್ಸ್' ಎಂಬ ನಾದ ಯಾವ ಚಕ್ರದಿಂದ ಹೊರಡುತ್ತಿದೆಯೆಂದು ಒಮ್ಮೆಯಾದರೂ ಕಿವಿಗೊಟ್ಟವನು. ಮಿಕ್ಕವರು ಓದಬಾರದೆಂದೇನಿಲ್ಲ, ಫಲ ಮಾತ್ರ ಸಿಗುವುದಿಲ್ಲ.

ಗ್ರಂಥಕರ್ತನಾದ ನಾನು ಕಾಲೇಜಿನಲ್ಲಿ 30 ವರ್ಷ ತರ್ಕಶಾಸ್ತ್ರ ಹೇಳಿ ನಿವೃತ್ತನಾಗಿ, ಮಂಡ್ಯ ಸೀಮೆಯ ಅಕ್ಕನ ಮನೆಯಲ್ಲಿ ನೆಲೆ ನಿಂತವನು. ತರ್ಕಕ್ಕೆ ಉಪಯೋಗವಿಲ್ಲವೆಂದು ಭಾವ ಮದುವೆಯ ದಿನದಿಂದಲೂ ಹೇಳುತ್ತಾ ಬಂದಿದ್ದಾರೆ. ಅವರ ವಾದವನ್ನು ಖಂಡಿಸಲು ದೊರೆತ ಮೊದಲ ಅವಕಾಶ ಇದು.

ಶಬ್ದಶುದ್ಧಿಯಿಂದ ಆರಂಭಿಸೋಣ. ಉತ್ತರ ಕರ್ನಾಟಕದ ಕಡೆ ಟ್ರೇಲರನ್ನು 'ಟೇಲರ್' ಎನ್ನುವವರುಂಟು. ಅಲ್ಲಿಗೆ ಬಟ್ಟೆ ಹೊಲಿಯುವವನಿಗೂ ಕಬ್ಬು ಹೊರುವುದಕ್ಕೂ ಒಂದೇ ನಾಮಧೇಯ. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಟ್ರ್ಯಾಕ್ಟರ್ ಇರಲಿಲ್ಲ, ಇದ್ದಿದ್ದರೆ ಅಪಭ್ರಂಶ ಪ್ರಕರಣಕ್ಕೆ ಇನ್ನೊಂದು ಸೂತ್ರ ಕೂಡುತ್ತಿತ್ತು. ನಾವು ಟೈರಿಗೆ 'ಗಾಳಿ' ಹೊಡೆಸುತ್ತೇವೆ, ಅವರು 'ಹವಾ' ಹಾಕಿಸುತ್ತಾರೆ. ಚುನಾವಣೆ ಬಂದಾಗ ಮಾತ್ರ ಎರಡೂ ಕಡೆಯವರು 'ಅವರದ್ದೇ ಹವಾ' ಎನ್ನುವುದರಿಂದ, ಹವಾ ಅಳೆಯಲಾಗದ್ದು, ಗಾಳಿ ಅಳೆಯಬಲ್ಲದ್ದು ಎಂದು ಇಲ್ಲಿ ಭೇದ ಕಲ್ಪಿಸಿದ್ದೇನೆ. ಅಳತೆಗೆ ನಮ್ಮಲ್ಲಿ ಪೌಂಡು. ಗೇಜಿನ ಮುಖದ ಮೇಲೆ 80 ಪಿಎಸ್ಐ, 5.5 ಬಾರ್, 550 ಕಿಲೋಪಾಸ್ಕಲ್ ಎಂದು ಒಂದೇ ಸತ್ಯವನ್ನು ಮೂರು ಬಗೆಯಲ್ಲಿ ಬರೆದಿದ್ದರೂ, ಪಂಚರ್ ಅಂಗಡಿಯಲ್ಲಿ 'ಎಂಬತ್ತು ಪೌಂಡ್' ಎಂದರಷ್ಟೇ ದೇವರು ಒಲಿಯುವುದು.

ಈ ಶಾಸ್ತ್ರಕ್ಕೂ ಪೂರ್ವಮೀಮಾಂಸೆ, ಉತ್ತರಮೀಮಾಂಸೆ ಎಂದು ಎರಡುಂಟು. ಪೂರ್ವ ಮೀಮಾಂಸಕ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್, 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ. ಲೋಕ ಅದನ್ನು ಮರೆಯಿತು. ಉತ್ತರ ಮೀಮಾಂಸಕ ಜಾನ್ ಬಾಯ್ಡ್ ಡನ್‌ಲಪ್, ಬೆಲ್‌ಫಾಸ್ಟಿನ ದನದ ಡಾಕ್ಟರು, ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿಯ ಟೈರು ಕಟ್ಟಿ, 1888ರಲ್ಲಿ ಪೇಟೆಂಟ್ ಪಡೆದು ಹೆಸರಾದ. ಥಾಮ್ಸನ್ನನ ಹಳೆಯ ಕಾಗದ ಆಮೇಲೆ ಹೊರಬಿದ್ದು ಡನ್‌ಲಪ್ಪನ ಪೇಟೆಂಟ್ ಬಿದ್ದುಹೋಯಿತು, ಹೆಸರು ಬೀಳಲಿಲ್ಲ. ನಮ್ಮೂರಿನಲ್ಲಿ ಟೈರು ಹಾಕಿದ ಎತ್ತಿನ ಗಾಡಿಯನ್ನು ಇವತ್ತಿಗೂ 'ಡನ್‌ಲಪ್ ಗಾಡಿ' ಎನ್ನುತ್ತಾರೆ. ದನದ ಡಾಕ್ಟರಿಗೆ ಎತ್ತುಗಳು ಇದಕ್ಕಿಂತ ಹೆಚ್ಚಿನ ಫೀಸು ಕೊಡುವುದು ಸಾಧ್ಯವಿಲ್ಲ.

ಇನ್ನು ಸಂಶಯ. ಟ್ರ್ಯಾಕ್ಟರಿನ ಹಿಂಗಾಲಿ ಆಳೆತ್ತರ, ಅದಕ್ಕೆ ಬೇಕಾದ ಗಾಳಿ ಸುಮಾರು 14 ಪೌಂಡು. ಟ್ರೇಲರಿನ ಗಾಲಿ ಮೊಳಕಾಲಿಗಿಂತ ಚೂರು ಎತ್ತರ, ಅದಕ್ಕೆ 80. ದೊಡ್ಡವರಿಗೆ ಒತ್ತಡ ಕಡಿಮೆ, ಚಿಕ್ಕವರಿಗೆ ಹೆಚ್ಚು. ಇದನ್ನು ಕಂಡು ನಾನು ಸಮಾಜಶಾಸ್ತ್ರದ ಕಡೆಗೆ ಹೊರಳುವುದರಲ್ಲಿದ್ದೆ. ಲೆಕ್ಕ ನನ್ನನ್ನು ಉಳಿಸಿತು. ಕಬ್ಬೂ ಟ್ರೇಲರೂ ಸೇರಿ 10 ಟನ್, ನಾಲ್ಕು ಚಕ್ರ ಎಂದಿಟ್ಟುಕೊಳ್ಳಿ. ಚಕ್ರಕ್ಕೆ 2500 ಕಿಲೋ. 80 ಪೌಂಡೆಂದರೆ ಚದರ ಸೆಂಟಿಮೀಟರಿಗೆ ಸುಮಾರು 5.6 ಕಿಲೋ. ಭಾಗಿಸಿದರೆ ಒಂದು ಚಕ್ರ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 450 ಚದರ ಸೆಂಟಿಮೀಟರ್, ಅಂದರೆ ನಾವು ಮುದ್ದೆ ಉಣ್ಣುವ ತಟ್ಟೆಯಷ್ಟು. ಎರಡೂವರೆ ಟನ್ ಭಾರ ಒಂದು ಊಟದ ತಟ್ಟೆಯ ಮೇಲೆ ನಿಂತಿದೆ. ಗಾಳಿ 40ಕ್ಕೆ ಇಳಿದರೆ ತಟ್ಟೆ ಎರಡಾಗುತ್ತದೆ, ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಿಸಿ ಬಿಚ್ಚುತ್ತಾ ಕಾಯುತ್ತದೆ, ಆಮೇಲೆ 'ಢಮಾರ್'. ಆದ್ದರಿಂದ 80 ಎಂಬುದು ಶ್ರೀಮಂತರ ಪಿತೂರಿಯಲ್ಲ.

ತಾರ್ಕಿಕರು ಅಭಾವವನ್ನೂ, ಎಂದರೆ ಇಲ್ಲದಿರುವುದನ್ನೂ, ಒಂದು ಪದಾರ್ಥವೆಂದು ಎಣಿಸುತ್ತಾರೆ. ಮಡಕೆಯ ಉದಾಹರಣೆ ಕೊಟ್ಟು 30 ವರ್ಷ ಹೇಳಿದೆ, ಒಬ್ಬ ಹುಡುಗನ ತಲೆಗೂ ಹೋಗಲಿಲ್ಲ. ಟೈರಿನಿಂದ ಹೇಳಬೇಕಿತ್ತು. ಗಾಳಿ ಹೊಡೆಯುವ ಮುಂಚೆ ಇರುವುದು ಪ್ರಾಗಭಾವ. ಮೊಳೆ ಚುಚ್ಚಿದ ಮೇಲೆ ಆಗುವುದು ಪ್ರಧ್ವಂಸಾಭಾವ. ಯಾವ ಕಾಲಕ್ಕೂ, ಯಾವ ಟ್ರೇಲರಿನಲ್ಲೂ ಇಲ್ಲದ್ದು ವಾಲ್ವಿನ ಮುಚ್ಚಳ, ಅದು ಅತ್ಯಂತಾಭಾವ. ಡಬ್ಬದ ಮೇಲೆ ಬರೆದದ್ದು ಡಬ್ಬದೊಳಗಿನದಲ್ಲ, ಒಳಗಿನದು ಮೇಲೆ ಬರೆದದ್ದಲ್ಲ ಎಂಬುದು ಅನ್ಯೋನ್ಯಾಭಾವ. ಈ ನಾಲ್ಕನೆಯದು ನನಗೆ ಕೈಯಿಂದ ದುಡ್ಡು ಹೋಗಿ ತಿಳಿದದ್ದು.

ಅದರ ಕಥೆ ಹೀಗೆ. ಪೇಟೆಯ ಅಂಗಡಿಯೊಂದರಲ್ಲಿ ಅಂಗೈಯಗಲದ ಯಂತ್ರವಿತ್ತು. ಡಬ್ಬದ ಮೇಲೆ ಕೆಂಪಕ್ಷರದಲ್ಲಿ '150 ಪಿಎಸ್ಐ'. ನಾನು ಅನುಮಾನ ಕಟ್ಟಿದೆ: 150 ಕೊಡಬಲ್ಲದ್ದು 80 ಕೊಡಲೇಬೇಕು, ಹತ್ತು ರೂಪಾಯಿ ಇದ್ದವನ ಜೇಬಿನಲ್ಲಿ ಐದು ರೂಪಾಯಿ ಇರುವ ಹಾಗೆ. ದೋಷವಿಲ್ಲದ ಅನುಮಾನ. ಕೊಂಡೆ. 40 ಪೌಂಡಿಗೆ ಇಳಿದಿದ್ದ ಹಿಂದಿನ ಚಕ್ರಕ್ಕೆ ಸಿಕ್ಕಿಸಿದೆ. ಹಲ್ಲಿನ ಡಾಕ್ಟರ ಯಂತ್ರದ ಹಾಗೆ ಕಿರುಚಿಕೊಂಡು ಓಡಿತು. ಗೇಜಿನ ಮುಳ್ಳು 46ಕ್ಕೆ ಬಂದಾಗ ಸಣ್ಣಗೆ ಹೊಗೆ ಎದ್ದಿತು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನಮ್ಮ ಶಾಸ್ತ್ರದ ಅತ್ಯಂತ ಹಳೆಯ ಉದಾಹರಣೆ. ಅದನ್ನು ಕಣ್ಣಾರೆ ಕಂಡ ತಾರ್ಕಿಕರು ವಿರಳ, ನಾನೊಬ್ಬ. ಭಾವ ಬೀಡಿ ಹಚ್ಚಿಕೊಳ್ಳುತ್ತಾ, "ಮೇಷ್ಟ್ರೇ, ಅನುಮಾನ ನಿಜ ಆಯ್ತಲ್ಲ ಬುಡಿ" ಅಂದರು.

ಎಲ್ಲಿ ತಪ್ಪಿತು? ಹೇತುವಿನಲ್ಲಿ. 150 ಎಂಬುದು ಆ ಯಂತ್ರ ಒಂದು ಕ್ಷಣ ಮುಟ್ಟಬಲ್ಲ ಎತ್ತರ, ನಿಂತು ಕೆಲಸ ಮಾಡುವ ನೆಲವಲ್ಲ. ಒತ್ತಡವೊಂದೇ ಸಾಕಾಗಿದ್ದರೆ ಸೈಕಲ್ ಪಂಪೂ ನಡೆಯುತ್ತಿತ್ತು. ಕಾಲುಪಂಪು ವಾದಿಗಳ ಮತವೂ ಅದೇ. ಅವರಿಗೆ ಉತ್ತರ: ಟೈರಿನ ಹೊಟ್ಟೆ 100 ಲೀಟರ್ ಎಂದಿಟ್ಟುಕೊಂಡರೆ, 40ರಿಂದ 80ಕ್ಕೆ ಏರಿಸಲು ಹೊರಗಿನ ಗಾಳಿ 272 ಲೀಟರ್ ಬೇಕು. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದ ಮೇಲೆ ಯಾರು ಬೇಕಾದರೂ ಗುಣಿಸಿ ನೋಡಬಹುದು. ಒಂದು ತುಳಿತಕ್ಕೆ ಕಾಲು ಲೀಟರ್ ಹಿಡಿದರೆ 1088 ತುಳಿತ. ಸಹಸ್ರನಾಮ ಮುಗಿಸಿ ಅಷ್ಟೋತ್ತರದ ಮುಕ್ಕಾಲು ದಾಟಿದ ಹಾಗೆ. ಭಕ್ತಿಯಿದ್ದವರು ಮಾಡಲಿ.

ಅಂತೂ ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು. ಅಲ್ಲೂ ಒಂದು ಮಾಯೆಯಿದೆ. ಡಬ್ಬದ ಮೇಲೆ 35 ಲೀಟರ್ ಎಂದಿದ್ದರೆ ಸಾಮಾನ್ಯವಾಗಿ ಅದು ಎದುರಿಗೆ ಟೈರೇ ಇಲ್ಲದಾಗ, ಬರಿಗಾಳಿಗೆ ಊದಿದ ಲೆಕ್ಕ. ಒತ್ತಡ ಏರಿದಷ್ಟೂ ಉಸಿರು ಇಳಿಯುತ್ತದೆ. 60 ದಾಟಿದ ಮೇಲೆ (ಪೌಂಡಿನ ಮಾತು, ವಯಸ್ಸಿನದಲ್ಲ) ಅರ್ಧ ಉಳಿದರೆ ಪುಣ್ಯ. 272ನ್ನು 35ರಿಂದ ಭಾಗಿಸಿ 8 ನಿಮಿಷ ಎಂದುಕೊಂಡದ್ದು 16 ಆಗುತ್ತದೆ. ಅಷ್ಟರಲ್ಲಿ ಯಂತ್ರ ಕಾದಿರುತ್ತದೆ. ಕಾಯುವುದು ಅದರ ಕೊರತೆಯಲ್ಲ, ಗಾಳಿಯ ಸ್ವಭಾವ: 27 ಡಿಗ್ರಿಯ ಗಾಳಿಯನ್ನು ಶಾಖ ಹೊರಹೋಗದಂತೆ ಒಮ್ಮೆಲೇ 80 ಪೌಂಡಿಗೆ ಹಿಂಡಿದರೆ ಲೆಕ್ಕದ ಪ್ರಕಾರ 230 ಡಿಗ್ರಿ ದಾಟುತ್ತದೆ. ಬೋಂಡದ ಎಣ್ಣೆಯೂ ಅಷ್ಟು ಕಾಯುವುದಿಲ್ಲ. ಆ ಶಾಖವನ್ನು ಸಿಲಿಂಡರಿನ ರೆಕ್ಕೆಗಳು ಹೊರಗೆ ಚೆಲ್ಲಬೇಕು. ರೆಕ್ಕೆಯೇ ಇಲ್ಲದ ಪ್ಲಾಸ್ಟಿಕ್ ಡಬ್ಬಿ ಎಲ್ಲಿಗೆ ಚೆಲ್ಲುತ್ತದೆ?

ಇಲ್ಲಿಂದ ಹುಟ್ಟಿದ್ದು 'ಡ್ಯೂಟಿ ಸೈಕಲ್' ಎಂಬ ಪರಿಭಾಷೆ. ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ಓಡಬಹುದು, ಎಷ್ಟು ಪಾಲು ಸುಧಾರಿಸಿಕೊಳ್ಳಬೇಕು ಎಂಬುದರ ಅನುಪಾತ. 25 ಪರ್ಸೆಂಟ್ ಎಂದರೆ 10 ನಿಮಿಷ ಓಡಿ 30 ನಿಮಿಷ ಕೂರುವುದು. ನಾನು ಅಧ್ಯಾಪಕನಾಗಿ ಇದೇ ಪ್ರಮಾಣದಲ್ಲಿ ದುಡಿದಿದ್ದರಿಂದ ಯಂತ್ರದ ಮೇಲೆ ನನಗೆ ಕೋಪವಿಲ್ಲ. ಆದರೆ ನಮ್ಮ ಒಂದು ಚಕ್ರದ 16 ನಿಮಿಷಕ್ಕೆ ನಡುವಿನ ವಿಶ್ರಾಂತಿ ಸೇರಿ 46 ನಿಮಿಷ ಹಿಡಿಯಿತು ಎನ್ನುವಾಗ ಕಬ್ಬು ಕೇಳುವುದಿಲ್ಲ. ಒಳ್ಳೆಯ ತಯಾರಕರು ಯಾವ ಒತ್ತಡದಲ್ಲಿ, ಸುತ್ತಲಿನ ಶಾಖ ಎಷ್ಟಿದ್ದಾಗ, ಎಷ್ಟು ಪರ್ಸೆಂಟ್ ಎಂದು ಬರೆಯುತ್ತಾರೆ. ಬರೆಯದಿದ್ದಲ್ಲಿ ಅನುಪಲಬ್ಧಿಯಿಂದ, ಎಂದರೆ ಕಾಣದಿರುವುದರಿಂದಲೇ, ಅಭಾವ ಸಿದ್ಧ.

ವಿದ್ಯುತ್ತಿನ ವಿಚಾರ ಚಿಕ್ಕದು. ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸುವ ಯಂತ್ರಗಳಿಗೆ ಫ್ಯೂಸು ಹಲವು ಗಾಡಿಗಳಲ್ಲಿ 15 ಆಂಪಿಗೇ ಹರಿಯುತ್ತದೆ. 12 ವೋಲ್ಟಿಗೆ ಗುಣಿಸಿದರೆ 180 ವ್ಯಾಟು, ಅಂದರೆ ಕಾಲು ಕುದುರೆ. ಕುದುರೆಯ ಒಂದು ಕಾಲು ಕೊಂಡು ಸವಾರಿ ಹೊರಟ ಹಾಗೆ. ಬ್ಯಾಟರಿಯ ತಲೆಗೇ ಕ್ಲಿಪ್ಪು ಕಚ್ಚಿಸುವ ಯಂತ್ರಗಳು 30 ಆಂಪಿನ ಮೇಲೆ ಎಳೆಯಬಲ್ಲವು, ಎರಡನೆಯ ಕಾಲೂ ಬರುತ್ತದೆ. ಇಂಜಿನ್ ಓಡುತ್ತಿರಬೇಕು ಎಂಬುದು ವಿಧಿ.

ಗೇಜಿನ ಬಗ್ಗೆ ನಾಲ್ಕು ಪ್ರಮಾಣಗಳ, ಎಂದರೆ ತಿಳಿಯುವ ನಾಲ್ಕು ದಾರಿಗಳ, ವಾದ ದೊಡ್ಡದು. ಪ್ರಾಚೀನರು, ಎಂದರೆ 55 ದಾಟಿದ ಡ್ರೈವರುಗಳು, ಪ್ರತ್ಯಕ್ಷವಾದಿಗಳು: ಜಾಕಿ ರಾಡಿನಿಂದ ಟೈರಿಗೊಂದು ಬಾರಿಸಿ, 'ಟಣ್' ಅಂದರೆ ಸರಿ, 'ಡಬ್' ಅಂದರೆ ಇಲ್ಲ. ಆ ಪರೀಕ್ಷೆಯಲ್ಲಿ 20 ಪೌಂಡಿನ ಚಕ್ರ ಫೇಲಾಗುತ್ತದೆ, 60 ಮತ್ತು 80 ಎರಡೂ ಫಸ್ಟ್ ಕ್ಲಾಸಿನಲ್ಲಿ ಪಾಸು. ಪಕ್ಕದ ಚಕ್ರದ ಉಬ್ಬು ನೋಡಿ ಹೋಲಿಸುವುದು ಉಪಮಾನ, ಎರಡರಲ್ಲೂ ಗಾಳಿ ಇಲ್ಲದಿದ್ದರೆ ಸಮಾಧಾನ. ಯಂತ್ರಕ್ಕೇ ಅಂಟಿಕೊಂಡ ಗೇಜು ಅನುಮಾನ: ಓಡುತ್ತಿರುವಾಗ ಅದು ಪೈಪಿನೊಳಗಿನ ನೂಕಾಟವನ್ನು ಹೇಳುತ್ತದೆ, ಟೈರಿನ ಒಳಗನ್ನಲ್ಲ. ಮುಳ್ಳು 80 ತೋರಿತೆಂದು ಹಿಗ್ಗಿ ಸ್ವಿಚ್ ಆರಿಸಿದರೆ ಕೆಳಗೆ ಜಾರುತ್ತದೆ. ನಿಲ್ಲಿಸಿಯೇ ಓದಬೇಕು, ಬೇರೊಂದು ಗೇಜು ಜೇಬಿನಲ್ಲಿರಬೇಕು. ಅದೂ ಗಾಲಿ ತಣ್ಣಗಿರುವ ಮುಂಜಾನೆಯೇ ಲೇಸು. ಟೈರು 10 ಡಿಗ್ರಿ ಕಾದರೆ ಇಷ್ಟು ಒತ್ತಡದಲ್ಲಿ ಸುಮಾರು 3 ಪೌಂಡು ತಾನೇ ಏರುತ್ತದೆ. ಮಧ್ಯಾಹ್ನ ಹೆಚ್ಚಾಯಿತೆಂದು ಬಿಟ್ಟವರು ಮರುದಿನ ಬೆಳಿಗ್ಗೆ ಮತ್ತೆ ಪಂಪು ಹುಡುಕುತ್ತಾರೆ.

ಉಳಿದದ್ದು ಶಬ್ದಪ್ರಮಾಣ, ಆಪ್ತವಾಕ್ಯ. ಆಪ್ತನೆಂದರೆ ಮದ್ದೂರು ರಸ್ತೆಯ ಪಂಚರ್ ಅಂಗಡಿಯವನು. ಕೇರಳದಿಂದ ಬಂದು ಎಷ್ಟೋ ಕಾಲವಾಗಿ, ನಮಗಿಂತ ಚೆನ್ನಾಗಿ ಮಂಡ್ಯದ ಕನ್ನಡ ಬೈಯಬಲ್ಲವನು. ಸುಟ್ಟ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಷ್ಟ್ರೇ, ಬಾಕ್ಸ್ ಮ್ಯಾಲೆ ಬರ್ದಿರೋದು ಬಾಕ್ಸಿಗೆ. ಎಷ್ಟು ಆಂಪ್ ಎಳೀತದೆ ಕೇಳಿ, ಎಂಬತ್ತರಲ್ಲಿ ಎಷ್ಟು ನಿಮಿಷ ನಿಲ್ತದೆ ಕೇಳಿ, ಸಾಕು" ಎಂದ. ನಾನು ಇಷ್ಟು ಪುಟಗಳಲ್ಲಿ ಸಾಧಿಸಿದ್ದನ್ನು ಅವನು ಟ್ಯೂಬಿಗೆ ತೇಪೆ ಉಜ್ಜುತ್ತಲೇ ಹೇಳಿದ್ದರಿಂದ ಸ್ವಲ್ಪ ಬೇಜಾರಾಯಿತು. ಆಮೇಲೆ ತಲೆಯೆತ್ತಿ ಇನ್ನೊಂದು ಹೇಳಿದ, ಅದನ್ನು ತಮಾಷೆಯಿಲ್ಲದೆ ಬರೆದಿಡುತ್ತೇನೆ: "ಲಾಕ್ ರಿಂಗ್ ಇರೋ ರಿಮ್ಮಿನ ಎದುರು ಕೂತ್ಕಂಡು ಗಾಳಿ ಹೊಡೀಬೇಡಿ. ಗಾಳಿ ಇಲ್ದೆ ದೂರ ಓಡಿರೋ ಟೈರಿಗಂತೂ ಬಿಚ್ಚಿ ನೋಡ್ದೆ ಹೊಡೀಲೇಬೇಡಿ."

ಲಾರಿ ನಿಲ್ಲಿಸಿ ಅದರ ಬ್ರೇಕಿನ ಟ್ಯಾಂಕಿನಿಂದ ಗಾಳಿ ಪಡೆಯುವ ಪರಾಶ್ರಯವಾದವೂ ಒಂದುಂಟು. ಒಳ್ಳೆಯ ವಾದ. ಗದ್ದೆಯೊಳಗೆ ಲಾರಿ ಬರುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

ಹೀಗೆ ಎಲ್ಲ ಪಕ್ಷಗಳನ್ನೂ ಕಳೆದು ಉಳಿದದ್ದನ್ನು ಕೊಂಡೆವು: ಜೋಡಿ ಸಿಲಿಂಡರು, ಎದ್ದು ಕಾಣುವ ರೆಕ್ಕೆ, ಬ್ಯಾಟರಿ ಕ್ಲಿಪ್ಪು, ವಾಲ್ವಿಗೆ ತಿರುಪಿ ಕೂರಿಸುವ ಹಿತ್ತಾಳೆ ಮೂತಿ. ತೂಕ ನಮ್ಮ ಮೊಮ್ಮಗಳಷ್ಟು. ಸಿದ್ಧಾಂತದಲ್ಲಿ ಎಳ್ಳಷ್ಟೂ ಬಿರುಕಿಲ್ಲವೆಂದು ಅಕ್ಕನಿಗೂ ಓದಿ ಹೇಳಿದೆ. ಮೂರನೆಯ ದಿನ ರಾತ್ರಿ ನಾಲೆಯ ಏರಿಯ ಮೇಲೆ ಹಿಂದಿನ ಎಡಚಕ್ರ 50ಕ್ಕೆ ಇಳಿಯಿತು. ಬ್ಯಾಟರಿ ಟ್ರ್ಯಾಕ್ಟರಿನ ಮೂಗಿನಲ್ಲಿ. ಚಕ್ರ ಟ್ರೇಲರಿನ ಬಾಲದಲ್ಲಿ. ನಡುವೆ 28 ಅಡಿ. ಯಂತ್ರದ ವೈರು 8 ಅಡಿ, ಪೈಪು 16 ಅಡಿ. ನಾಲ್ಕು ಪ್ರಮಾಣ, ನಾಲ್ಕು ಅಭಾವ ಎಣಿಸಿದ ಗ್ರಂಥದಲ್ಲಿ ಈ ನಾಲ್ಕು ಅಡಿ ಎಲ್ಲೂ ಬಂದಿರಲಿಲ್ಲ.

ಟ್ರೇಲರ್ ಕಳಚಿ ಟ್ರ್ಯಾಕ್ಟರನ್ನು ಹಿಂದಕ್ಕೆ ತರೋಣವೆಂದರೆ ರಸ್ತೆ ಇಳಿಜಾರು, ಪಿನ್ನು ಎತ್ತಿದರೆ ಕಬ್ಬು ನೇರ ನಾಲೆಗೆ. ಮನೆಯ ಕರೆಂಟಿನ ತೆಳು ವೈರು ಜೋಡಿಸೋಣವೆಂದೆ. 30 ಆಂಪು ಅದರಲ್ಲಿ ಹರಿದರೆ ದಾರಿಯಲ್ಲೇ ವೋಲ್ಟು ಸೋರಿ ಯಂತ್ರ ನರಳುತ್ತದೆಂದು ನಾನೇ ಖಂಡಿಸಿದೆ. ಭಾವ ಒಂದು ಮಾತೂ ಆಡದೆ ಸ್ಪ್ಯಾನರ್ ತೆಗೆದು ಇಂಜಿನ್ ಆರಿಸಿ ಬ್ಯಾಟರಿ ಬಿಚ್ಚಿದರು. "ತಗಳಿ ಮೇಷ್ಟ್ರೇ, ಹೊತ್ಕಳಿ. ನಾನು ಟಾರ್ಚ್ ಹಿಡೀತೀನಿ."

ಇಂಜಿನ್ ಓಡುತ್ತಿರಬೇಕೆಂಬ ವಿಧಿಗೆ ಭಂಗ ಬಂತು, 80 ಪೌಂಡು ಮಾತ್ರ ಬಂತು. ಪೈಪಿನ ಉದ್ದವನ್ನು ಕುರಿತ ಪರಿಶಿಷ್ಟ ಬರೆಯಬೇಕಿತ್ತು, ಇಪ್ಪತ್ತು ಕಿಲೋ ದಾಟಿದ ಬ್ಯಾಟರಿ ಎತ್ತಿದಾಗಿನಿಂದ ಗ್ರಂಥಕರ್ತನ ಸೊಂಟಕ್ಕೆ ವಾಯು ಹಿಡಿದಿರುವುದರಿಂದ ನಿಂತುಹೋಗಿದೆ. ಅಕ್ಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಉಜ್ಜುತ್ತಾ ಕೇಳಿದಳು:

"ಇದು ಎಷ್ಟು ಪೌಂಡ್ ಹಿಡ್ಕಂಡದೆ ಅಂತ ಗೇಜಿಟ್ಟು ನೋಡ್ಕಂಡ್ಯಾ?"